ಮೊದಲ ಗಾಡಿಗೆ ಬಾಗಿಲು ತೆಗೆಯುತ್ತಿದ್ದ ಮಿಸ್

ಮಿಸ್ ಉಟ್ಟ ಸೀರೆಯ ಎಡಭುಜ ಯಾವಾಗ ನೋಡಿದರೂ ಒದ್ದೆಯಾಗಿರುತ್ತಿತ್ತು. ನಿದ್ದೆಗಣ್ಣಿನ ಮಕ್ಕಳ ಜೊಲ್ಲು ಅದು. ಬೆಳಗಿನ ಜಾವ ಒಂದು ಮಗುವನ್ನು ಆ ಭುಜದಿಂದ ಚಾಪೆಗೆ ಇಳಿಸುವಷ್ಟರಲ್ಲಿ ಇನ್ನೊಂದು ಬಂದು ಅದೇ ಜಾಗಕ್ಕೆ ಕೆನ್ನೆ ಒತ್ತಿ ಮಲಗುತ್ತಿತ್ತು. ವರ್ಷಗಟ್ಟಲೆ ಹೀಗೆ ಹೊತ್ತು ಹೊತ್ತು ಆ ಭುಜ ಬಲಭುಜಕ್ಕಿಂತ ಕೆಳಗೆ ಇಳಿದುಹೋಗಿತ್ತು. ದಪ್ಪ ಗಾಜಿನ ಕನ್ನಡಕ, ಎಣ್ಣೆ ಹಚ್ಚಿ ಬಿಗಿದ ತುರುಬು, ಸವೆದ ಹವಾಯಿ ಚಪ್ಪಲಿ. ಗಂಟಲು ಮಾತ್ರ ಊರಿಗಾಂ ಸ್ಟೇಷನ್ನಿನ ಆಚೆ ಬದಿಗೂ ಕೇಳಿಸುವಂಥದ್ದು.

ಅವರು ತೀರಿಕೊಂಡ ಮೇಲೆ ಎಲ್ಲರೂ ಅವರನ್ನು ಮಮತೆಯ ಮೂರ್ತಿ, ತಾಳ್ಮೆಯ ತಾಯಿ ಎಂದೆಲ್ಲ ಕರೆಯತೊಡಗಿದರು. ಬ್ಯಾನರಿನಲ್ಲೂ ಹಾಗೆಯೇ ಬರೆಸಿದ್ದರು. ನನಗೆ ಮೈ ಉರಿಯುತ್ತದೆ. ಮಿಸ್‌ಗೆ ತಾಳ್ಮೆ ಎಂಬುದು ಇರಲೇ ಇಲ್ಲ. ಅವರು ಸಿಟ್ಟಿನ ಹೆಂಗಸು. ಆ ಸಿಟ್ಟು ಇಲ್ಲದಿದ್ದರೆ ಅಷ್ಟು ವರ್ಷ ಅವರ ಶಿಶುವಿಹಾರದ ಬಾಗಿಲು ತೆರೆದಿರುತ್ತಲೂ ಇರಲಿಲ್ಲ.

ಕೆಜಿಎಫ್‌ನ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರು ಊರಿಗಾಮಿನ ಒಂದು ಪುಟ್ಟ ಶಾಲೆಯಲ್ಲಿ ನರ್ಸರಿ ಮಿಸ್. ಮನೆಮಾತು ತಮಿಳು, ಕಲಿಸುತ್ತಿದ್ದದ್ದು ಕನ್ನಡ, ಬೈಯುವುದು ಯಾರ ಮಗು ಎಂಬುದರ ಮೇಲೆ ತಮಿಳಿನಲ್ಲೋ ತೆಲುಗಿನಲ್ಲೋ. ಗಣಿ ಮುಚ್ಚಿತು. ಗಂಡಸರು ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಗಳ ಜಗಲಿಯ ಮೇಲೆ ಕುಳಿತರು. ಹೆಂಗಸರು ರೈಲು ಹತ್ತಿದರು. ಇನ್ನೂ ಬೆಳಕು ಹರಿಯದ ಹೊತ್ತಿಗೆ ಮಾರಿಕುಪ್ಪಂನಿಂದ ಹೊರಡುವ ಗಾಡಿ ಊರಿಗಾಂ, ಕೋರಮಂಡಲ, ಬಂಗಾರಪೇಟೆ ದಾಟಿ ಬೆಂಗಳೂರು ಸೇರುತ್ತದೆ. ಗಾರ್ಮೆಂಟ್ಸಿಗೆ, ಅಪಾರ್ಟ್‌ಮೆಂಟಿಗೆ, ಆಫೀಸುಗಳ ಕಸ ಗುಡಿಸಲಿಕ್ಕೆ ಹೋದವರು ತಿರುಗಿ ಬರುವುದು ದೀಪ ಹಚ್ಚಿದ ಮೇಲೆ. ಅಷ್ಟೂ ಹೊತ್ತು ಮಕ್ಕಳನ್ನು ಯಾರು ನೋಡಬೇಕು ಎಂದು ಯಾರೂ ಕೇಳಲಿಲ್ಲ. ಸರ್ಕಾರ ಕೇಳಲಿಲ್ಲ, ಕೆಲಸ ಕೊಟ್ಟವರು ಕೇಳಲಿಲ್ಲ, ಜಗಲಿಯ ಮೇಲೆ ಕುಳಿತವರಂತೂ ಕೇಳಲೇ ಇಲ್ಲ.

ಒಂದು ದಿನ ಪಕ್ಕದ ಸಾಲಿನ ಮನೆಯಿಂದ ಅಳು ಕೇಳಿ ಮಿಸ್ ಹೋಗಿ ನೋಡಿದರು. ಎರಡು ವರ್ಷವೂ ತುಂಬದ ಹೆಣ್ಣುಮಗುವನ್ನು ಅದರ ತಾಯಿಯೇ ಹಳೆ ಸೀರೆಯಲ್ಲಿ ಸೊಂಟ ಸುತ್ತಿ ಮಂಚದ ಕಾಲಿಗೆ ಕಟ್ಟಿಹೋಗಿದ್ದಳು. ಕೈಗೆಟಕುವಂತೆ ಒಂದು ಲೋಟ ನೀರು, ಒಂದು ಬನ್ನು. ಮನೆಯ ಹಿಂದೆಯೇ ರೈಲಿನ ಹಳಿ. ಮಿಸ್ ಗಂಟು ಬಿಚ್ಚಿ ಮಗುವನ್ನು ತಮ್ಮ ಮನೆಗೆ ಎತ್ತಿಕೊಂಡು ಬಂದರು. ಸಂಜೆ ತಾಯಿ ಓಡಿಬಂದಾಗ ಬೈಯಲು ಬಾಯಿ ತೆರೆದವರು, ಅವಳ ಮುಖ ನೋಡಿ ಮುಚ್ಚಿಕೊಂಡರಂತೆ. ಈ ಕಥೆಯನ್ನು ನನಗೆ ಹೇಳುವಾಗ ಮಿಸ್, "ಆವಮ್ಮ ಕಟ್ಟಿದ ಗಂಟು ನೋಡ್ಬೇಕಿತ್ತು ನೀನು. ಮಗೂಗೆ ಒತ್ತದ ಹಾಗೆ ಒಳಗೆ ಬಟ್ಟೆ ಮಡಿಸಿಟ್ಟು ಕಟ್ಟಿದ್ದಳು. ಯಾರನ್ನ ಬೈಲಿ?" ಅಂದಿದ್ದರು.

ಮಾರನೆಯ ದಿನ ಆ ತಾಯಿಯ ಜೊತೆ ಇನ್ನಿಬ್ಬರು ಬಂದರು. ಹಾಗೆ ಶುರುವಾಯಿತು.

ನಾನು ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ನನ್ನ ಯಜಮಾನರಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸವಾಗಿ ಹಾವೇರಿಯಿಂದ ಬಂದು ಕ್ವಾರ್ಟರ್ಸಿನಲ್ಲಿ ಇದ್ದೆವು. ಬಿ.ಕಾಂ. ಓದಿ ಮನೆಯಲ್ಲಿ ಕುಳಿತು ಬೇಜಾರಾಗಿ, ಲೈನಿನಲ್ಲಿ ಒಂದು ಶಿಶುವಿಹಾರಕ್ಕೆ ವರದಿ ಬರೆಯುವವರು ಬೇಕಂತೆ ಎಂದು ಕೇಳಿ ಹೋದೆ. ಅಷ್ಟರಲ್ಲಿ ಮಿಸ್ ಅದನ್ನು ಸಂಸ್ಥೆಯೆಂದು ನೋಂದಾಯಿಸಿದ್ದರು. ಎರಡು ಮನೆಗಳ ನಡುಗೋಡೆ ಒಡೆದು ಒಂದು ಮಾಡಿದ ತಗಡಿನ ಸೂರು. ನಾನು ಪ್ರಮಾಣಪತ್ರಗಳ ಫೈಲು ಮುಂದೆ ಹಿಡಿದೆ. ಅವರು ಅದನ್ನು ಮುಟ್ಟದೆ ಭೇದಿಯಾಗಿದ್ದ ಒಂದು ಮಗುವನ್ನು ನನ್ನ ಕೈಗೆ ಕೊಟ್ಟು, "ಯಾವೂರಮ್ಮ ನಿಂದು?" ಅಂದರು. ಹೇಳಿದೆ. "ಸರಿ ಹಾವೇರಿ, ಮೊದಲು ಇವನನ್ನ ತೊಳಿ. ವರದಿ ಮಧ್ಯಾಹ್ನ ಬರೆಯೋಣ." ಅಂದಿನಿಂದ ಕೊನೆಯ ತನಕ ನಾನು ಅವರಿಗೆ ಹಾವೇರಿಯೇ. ನನ್ನ ಹೆಸರು ಅವರಿಗೆ ನೆನಪಿತ್ತೋ ಇಲ್ಲವೋ ನನಗೆ ಈಗಲೂ ಅನುಮಾನ.

ಮಗುವನ್ನು ಎಬ್ಬಿಸಬಾರದು ಎಂಬುದು ಅವರ ಮೊದಲ ಕಾನೂನು. ತಾಯಂದಿರು ಕತ್ತಲಲ್ಲಿ ಓಡುತ್ತ ಬಂದು, ಮಲಗಿದ್ದ ಮಗುವನ್ನು ಮಲಗಿದ ಹಾಗೆಯೇ ಕೈ ಬದಲಿಸಿ ಹೋಗಬೇಕು. ಮಾತಿಲ್ಲ, ಟಾಟಾ ಇಲ್ಲ, ಮುತ್ತೂ ಇಲ್ಲ. ಅಷ್ಟು ಗಂಟಲಿನ ಮಿಸ್ ಆ ಹೊತ್ತಿನಲ್ಲಿ ಪಿಸುಗುಟ್ಟುತ್ತಿದ್ದರು. ಗಾಡಿ ಹೊರಟ ಸದ್ದು ಕೇಳಿದ ಮೇಲೆ ಒಂದು ಲೋಟ ಕಡುಕಾಫಿ ಕುಡಿದು, ಆಮೇಲೆ ಬಾಯಿ ಬಿಚ್ಚುತ್ತಿದ್ದರು. ಹಾಲಿಗೆ ನೀರು ಬೆರೆಸಿದವನಿಗೆ, ಚರಂಡಿ ತೆಗೆಸದ ಮೇಸ್ತ್ರಿಗೆ, ಕುಡಿದು ಬಂದು ಬಾಗಿಲಲ್ಲಿ ನಿಂತ ಯಾವನೋ ಅಪ್ಪನಿಗೆ, ಚಿನ್ನ ತೆಗೆದುಳಿದ ಗಣಿತ್ಯಾಜ್ಯದ ಸೈನೈಡ್ ದಿಬ್ಬದಿಂದ ಬೂದಿಯಂಥ ಮಣ್ಣು ಎತ್ತಿ ತಂದು ಮಕ್ಕಳ ಗಂಜಿಗೆ ಸುರಿಯುವ ಗಾಳಿಗೆ ಕೂಡ ಬೈಗುಳ ತಪ್ಪುತ್ತಿರಲಿಲ್ಲ.

ಊರವರು ಅವರನ್ನು ಬಹಳ ಹೊಗಳುತ್ತಿದ್ದರು. ಹೊಗಳುವುದಕ್ಕೆ ಏನೂ ಖರ್ಚಿಲ್ಲವಲ್ಲ. ಮಹಿಳಾ ದಿನಾಚರಣೆ ಬಂದರೆ ಒಂದು ಶಾಲು, ರಾಜ್ಯೋತ್ಸವಕ್ಕೆ ಒಂದು ಶಾಲು, ಯಾವುದೋ ಸಂಘದ ವಾರ್ಷಿಕೋತ್ಸವಕ್ಕೆ ಇನ್ನೊಂದು, ಜೊತೆಗೊಂದು ಪ್ಲಾಸ್ಟಿಕ್ ಸ್ಮರಣಿಕೆ. ಬಂಗಾರಪೇಟೆಯ ಒಂದು ಸನ್ಮಾನದಲ್ಲಿ ಮಿಸ್ ಮೈಕು ಹಿಡಿದು, "ಮುಂದಿನ ಸಲ ಶಾಲಿನ ಬದಲು ಒಂದು ಮೂಟೆ ಅಕ್ಕಿ ಹೊದಿಸಿ, ನನ್ನ ಬೆನ್ನು ಗಟ್ಟಿ ಇದೆ" ಅಂದರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಅಕ್ಕಿ ಬರಲಿಲ್ಲ. ಮುಂದಿನ ವರ್ಷ ಮತ್ತೆ ಶಾಲನ್ನೇ ತಂದರು. ಆ ಶಾಲುಗಳನ್ನೆಲ್ಲ ಅವರು ಜರಿ ಕಿತ್ತು, ನಾಲ್ಕು ತುಂಡು ಮಾಡಿ ಮಕ್ಕಳ ಕೆಳಗೆ ಹಾಸುತ್ತಿದ್ದರು.

ಆಮೇಲೆ ಬೆಂಗಳೂರಿನ ಒಂದು ದೊಡ್ಡ ಕಂಪನಿಯ ಪ್ರತಿಷ್ಠಾನದವರು ಬಂದರು. ಸುಳ್ಳು ಹೇಳಬಾರದು, ಮೊದಲ ವರ್ಷಗಳು ಚೆನ್ನಾಗಿದ್ದವು. ಮಕ್ಕಳಿಗೆ ದಿನಾ ಮೊಟ್ಟೆ ಸಿಕ್ಕಿತು. ಆಯಾಗಳಿಗೆ, ನನಗೆ, ತಿಂಗಳಾಗುತ್ತಲೇ ಸಂಬಳ ಬಂತು. ಅಂಜಲೈ ಎಂಬ ಹಿರಿಯ ಆಯಾ ತನ್ನ ಜೀವಮಾನದಲ್ಲಿ ಮೊದಲ ಸಲ ಬ್ಯಾಂಕಿನಲ್ಲಿ ಖಾತೆ ತೆರೆದಳು. ಗೋಡೆಗೆ ಜಿರಾಫೆ ಬಂತು, ಕಂಪನಿಯ ದೊಡ್ಡ ಬೋರ್ಡೂ ಬಂತು. ಅವರ ಉದ್ಯೋಗಿಗಳು ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬಸ್ಸಿನಲ್ಲಿ ಬಂದು, ಒಂದು ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಒಂದು ಗೋಡೆಗೆ ಹೀಗೆ ಮೂರು ತಂಡ ಮೂರು ಸಲ ಬಣ್ಣ ಬಳಿದಿವೆ. ತಗಡು ಸೋರುತ್ತದೆ ಎಂದರೆ ಅದು ಸ್ವಯಂಸೇವಕರ ಕೆಲಸದಲ್ಲಿ ಬರುವುದಿಲ್ಲ ಎಂದರು.

ಬರಬರುತ್ತ ಪ್ರಶ್ನೆ ಬದಲಾಯಿತು. ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದವರು, ನೀವು ಸ್ವಾವಲಂಬಿ ಆಗುವುದು ಯಾವಾಗ ಎಂದು ಕೇಳತೊಡಗಿದರು. ಉಯ್ಯಾಲೆ ಕೊಡುತ್ತೇವೆ, ನೀರಿನ ಫಿಲ್ಟರ್ ಕೊಡುತ್ತೇವೆ, ಗೋಡೆಗೆ ಟಿವಿ ಹಾಕಿಸುತ್ತೇವೆ, ಆದರೆ ಆಯಾಗಳ ಸಂಬಳ ಕಡಿಮೆ ಮಾಡಬೇಕು, ಅದು ಆಡಳಿತ ವೆಚ್ಚ ಎಂದರು. ಆ ಮಾತು ಹೇಳಿದ ತರುಣ ಅಧಿಕಾರಿ ನಮ್ಮ ಚಾಪೆಯ ಮೇಲೆಯೇ ಕುಳಿತಿದ್ದ. ಮಿಸ್ ಅವನ ಮಡಿಲಿಗೆ ಅಳುವ ಮಗುವೊಂದನ್ನು ಹಾಕಿ, "ನಿಮ್ಮ ಟಿವಿ ಇದನ್ನ ಸುಮ್ಮನಾಗಿಸುತ್ತಾ ನೋಡಿ ಸಾರ್. ಎತ್ಕೊಳ್ಳೋಕೆ ಕೈ ಬೇಕು. ಆ ಕೈಗೆ ಊಟ ಬೇಕು. ಇದಕ್ಕೆ ಏನು ಹೆಸರು ಇಟ್ರೂ ಇಷ್ಟೇ ಲೆಕ್ಕ" ಅಂದರು. ಅವನು ಒಳ್ಳೆಯ ಹುಡುಗ, ಮುಖ ಕೆಂಪಾಯಿತು. ಆದರೆ ವರದಿಯಲ್ಲಿ ಏನು ಬರೆಯಬೇಕೋ ಅದನ್ನೇ ಬರೆದ.

ಸ್ವಾವಲಂಬನೆ ಎಂದು ಕಾಗದದ ಚೀಲ ಮಾಡಿಸಿದರು. ಮಕ್ಕಳು ಮಲಗಿದಾಗ ಆಯಾಗಳು ಚೀಲ ಅಂಟಿಸಬೇಕು, ಮಾರಿದ ದುಡ್ಡಿನಿಂದ ಶಿಶುವಿಹಾರ ನಡೆಯಬೇಕು. ಕಲಿಸಲು ಬಂದವಳು ವಿಮಾನದಲ್ಲಿ ಬಂದವಳು. ಮಕ್ಕಳು ಒಟ್ಟಿಗೆ ಮಲಗುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಒಂದು ಮಗು ಅಂಟು ನೆಕ್ಕಿತು, ಇನ್ನೊಂದರ ಕೂದಲು ಅಂಟಿಕೊಂಡು ಕತ್ತರಿಸಬೇಕಾಯಿತು. ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ತೋರಿಸಿದರೆ, ತರಕಾರಿ ಹಾಕಿದ ಕೂಡಲೇ ತಳ ಬಿಡುತ್ತದೆ ಎಂದು ವಾಪಸು ಕಳಿಸಿದರು. ಕೊನೆಗೆ ಆ ಚೀಲಗಳ ರಾಶಿಗೆ ಹಿತ್ತಲಿನ ಕೋಣೆಯಲ್ಲಿ ಗೆದ್ದಲು ಹಿಡಿಯಿತು. ಮಿಸ್ ಒಲೆಗೆ ಹಾಕಿ ಮಕ್ಕಳ ಸ್ನಾನಕ್ಕೆ ನೀರು ಕಾಯಿಸಿದರು. ಸ್ವಾವಲಂಬನೆಯಿಂದ ನಮಗೆ ಆದ ಉಪಯೋಗ ಅದೊಂದೇ.

ಮುಂದಿನ ಅವಧಿಗೆ ನೆರವು ಮುಂದುವರಿಸುವ ವಿಚಾರ ಮಾತಾಡಲು ಬೆಂಗಳೂರಿಗೆ ಕರೆದರು. ಮಿಸ್ ಮತ್ತು ನಾನು ತಾಯಂದಿರ ಜೊತೆಯಲ್ಲೇ ಮೊದಲ ಗಾಡಿ ಹತ್ತಿದೆವು. ಮಕ್ಕಳನ್ನು ಅಂಜಲೈಗೆ ಒಪ್ಪಿಸಿದ್ದಾಯಿತು. ಬಾಗಿಲಲ್ಲಿ ನೇತಾಡುವ ಜನ. ಆದರೂ ಮಿಸ್‌ಗೆ ಜಾಗವಾಯಿತು. ಮುನಿಲಕ್ಷ್ಮಿ ಎಂಬವಳು ಎದ್ದು ತನ್ನ ಸೀಟು ಕೊಟ್ಟಳು. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂದು ಊರಿಗಾಮಿನಲ್ಲಿ ಬಾಡಿಗೆಗಿದ್ದವಳು, ಗಂಡ ಇಟ್ಟಿಗೆ ಗೂಡಿನ ಕೂಲಿ. ಮಗನಿಗೆ ಆಗ ಒಂದೂವರೆ ವರ್ಷ.

"ಏನ್ ಮಿಸ್ಸು, ನೀವೂ ಕೆಲ್ಸುಕ್ಕೆ ಬತ್ತಿದೀರಾ ಇವತ್ತು?" ಎಂದು ನಕ್ಕಳು.

"ಹೂಂ ಕಣೆ. ನಿನ್ನ ಮಗ ಕುಡಿಯೋ ಹಾಲು ಕೇಳಕ್ಕೆ ಹೋಗ್ತಿದೀನಿ."

"ಗಟ್ಟಿಯಾಗಿ ಕೇಳಿ ಮಿಸ್ಸು. ಮೆಲ್ಲಗೆ ಏಳುದ್ರೆ ಆ ಊರಾಗೆ ಯಾರ್ಗೂ ಕೇಳ್ಸಾಕಿಲ್ಲ."

ಕಂಪನಿಯ ಕಟ್ಟಡ ಪೂರಾ ಗಾಜು. ಅಧಿಕಾರಿಗಳು ಆದರದಿಂದ ಬರಮಾಡಿಕೊಂಡರು. ನೀವು ಇದೇ ಕ್ಷೇತ್ರದವರಲ್ಲವೇ ಎಂದು ಮೊದಲು ಕೆಳಗಿನ ಮಹಡಿಯಲ್ಲಿದ್ದ ತಮ್ಮದೇ ಶಿಶುವಿಹಾರ ತೋರಿಸಿದರು. ಮೆತ್ತನೆಯ ನೆಲ, ಮರದ ಗೊಂಬೆ, ತೊಟ್ಟಿಲಿಗೊಂದು ಆಯಾ. ಅಲ್ಲಿಯ ಮಕ್ಕಳ ಮೂಗಿನ ಗೊಣ್ಣೆ ಒಣಗಲೂ ಬಿಡುತ್ತಿರಲಿಲ್ಲ, ಅಷ್ಟು ಬೇಗ ಒರೆಸುತ್ತಿದ್ದರು. ಮಿಸ್ ಬಗ್ಗಿ ಆ ಮೆತ್ತನೆಯ ನೆಲ ಮುಟ್ಟಿ ನೋಡಿದರು. "ಚೆನ್ನಾಗಿದೆ. ಇಲ್ಲಿ ಕಸ ಗುಡಿಸೋರ ಮಕ್ಕಳನ್ನೂ ಬಿಡಬಹುದಾ?" ಎಂದು ಕೇಳಿದರು.

"ಅವರು ಏಜೆನ್ಸಿಯವರು ಮೇಡಂ. ನಮ್ಮ ಉದ್ಯೋಗಿಗಳಲ್ಲ," ಎಂದು ಉತ್ತರ ಬಂತು. ಯಾವ ಮುಜುಗರವೂ ಇಲ್ಲದೆ, ಮಳೆ ಬರುತ್ತಿಲ್ಲ ಎನ್ನುವ ಹಾಗೆ.

ಮೇಲಿನ ಕೋಣೆಯಲ್ಲಿ ಸಭೆ. ನಾನು ಮೂರು ರಾತ್ರಿ ಕುಳಿತು ಮಾಡಿದ್ದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದೆ. ಮುಖ್ಯಸ್ಥೆಯೆನಿಸಿದ ಹೆಂಗಸು ಎಲ್ಲವನ್ನೂ ಕೇಳಿ, ನಿಮ್ಮ ಕೆಲಸ ನಮಗೆಲ್ಲ ಸ್ಫೂರ್ತಿ ಎಂದಳು. ಆಮೇಲೆ, ಈ ವರ್ಷದಿಂದ ನಮ್ಮ ಗಮನ ಕೆರೆಗಳ ಮೇಲೆ, ಇಷ್ಟು ವರ್ಷದಲ್ಲಿ ನೀವು ನಿಮ್ಮ ಕಾಲ ಮೇಲೆ ನಿಂತಿರಬೇಕಿತ್ತು, ನಾವು ಹೋದ ಮೇಲೆ ಹೇಗೆ ನಡೆಸಬೇಕೆಂದು ಯೋಚಿಸಿಲ್ಲವೇ ಎಂದು ಕೇಳಿದಳು. ಇಷ್ಟು ಹೊತ್ತಿಗೆ ಬಾಗಿಲು ತೆರೆದು ಟೀ ಬಂತು.

ಟೀ ತಂದವಳು ಮುನಿಲಕ್ಷ್ಮಿ. ಕಂದು ಬಣ್ಣದ ಸಮವಸ್ತ್ರ, ತಲೆಗೆ ಬಲೆ. ನಮ್ಮನ್ನು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು. ಗುರುತು ಹಿಡಿಯಬೇಡಿ ಎಂದು ಕಣ್ಣಲ್ಲೇ ಬೇಡಿದಳು. ಮಿಸ್ ಅರ್ಥ ಮಾಡಿಕೊಂಡು ಕತ್ತು ತಗ್ಗಿಸಿದರು. ಅವಳು ಒಬ್ಬೊಬ್ಬರ ಮುಂದೆಯೂ ಕಪ್ಪಿಟ್ಟು, ಬಿಸ್ಕತ್ತಿಟ್ಟು, ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೋದಳು.

ಮಿಸ್ ಟೀಯನ್ನು ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು.

"ಈಗ ಟೀ ಕೊಟ್ಟು ಹೋದಳಲ್ಲ, ಅವಳ ಮಗ ಈ ಹೊತ್ತು ನಮ್ಮ ಚಾಪೆ ಮೇಲೆ ಮಲಗಿದಾನೆ. ಅವನನ್ನ ನಾವು ನೋಡ್ಕೊಳ್ಳೋದರಿಂದ ನಿಮಗೆ ಇಲ್ಲಿ ಟೀ ಬಂತು. ನಿಮ್ಮ ನೆಲ ಒರೆಸಿದ್ದಾಯ್ತು. ನಾವು ನಿಮ್ಮ ಹತ್ರ ದಾನ ಕೇಳಕ್ಕೆ ಬಂದಿದೀವಿ ಅಂದ್ಕೊಂಡಿದೀರ ನೀವು."

ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾರು? ಈಗ ಬಂದಿದ್ದವರಾ?" ಎಂದು ಒಬ್ಬ ಕೇಳಿದ. ಅವಳಿಟ್ಟ ಟೀ ಕುಡಿಯುತ್ತಿದ್ದವನು ಅವಳ ಮುಖ ನೋಡಿರಲಿಲ್ಲ. ಇಷ್ಟರಲ್ಲಿ ಮುಖ್ಯಸ್ಥೆಯ ಪಕ್ಕದಲ್ಲಿದ್ದ ಹುಡುಗಿ ಉತ್ಸಾಹದಿಂದ ಮುಂದೆ ಬಾಗಿದಳು. ಎಂಥ ಒಳ್ಳೆಯ ಕಥೆ, ಅವರ ಹೆಸರೇನು, ಆ ತಾಯಿ ಮಗ ಇಬ್ಬರದೂ ಒಂದು ವಿಡಿಯೊ ಮಾಡಬಹುದು, ನಮ್ಮ ಆಫೀಸಿನಲ್ಲಿ ಒಂದು ಭಾಗ, ನಿಮ್ಮ ಕೇಂದ್ರದಲ್ಲಿ ಒಂದು ಭಾಗ ಎಂದಳು.

ಮಿಸ್ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು, ಬೆಳಗಿನ ಜಾವ ಬಿಟ್ಟರೆ, ಅದೊಂದೇ ಸಲ. "ಹೆಸರು ಹೇಳಲ್ಲಮ್ಮ. ಹೇಳಿದ್ರೆ ನಾಳೆ ನಿಮ್ಮ ಏಜೆನ್ಸಿಯವನು ಅವಳನ್ನ ತೆಗೀತಾನೆ. ನಿಮಗೆ ಕಥೆ ಸಿಗತ್ತೆ, ಅವಳಿಗೆ ಕೆಲಸ ಹೋಗತ್ತೆ." ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. ಲಿಫ್ಟಿನಲ್ಲಿ ನಾನು ಅಳುತ್ತಿದ್ದೆ. "ಅಳೋದಿದ್ರೆ ಊರಿಗೆ ಹೋಗಿ ಅಳು ಹಾವೇರಿ. ಇಲ್ಲಿ ಅದಕ್ಕೂ ಕ್ಯಾಮೆರಾ ಇಟ್ಟಿದಾರೆ," ಎಂದರು.

ನೆರವು ನಿಂತಿತು. ಆದರೆ ನಿಲ್ಲಿಸುವ ಮೊದಲು ಒಂದು ಸಮಾರೋಪ ಮಾಡಬೇಕು, ಕೇಕ್ ತರುತ್ತೇವೆ ಎಂದು ಫೋನು ಮಾಡಿದರು. ನಾನು ಫೋನಿನ ಬಾಯಿ ಮುಚ್ಚಿ ಮಿಸ್‌ಗೆ ಹೇಳಿದೆ. ಮಿಸ್ ಅದಕ್ಕೆ ತಮಿಳಿನಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ. ಬರಬೇಡಿ ಎನ್ನುತ್ತಾರೆ ಎಂದಷ್ಟೇ ನಾನು ಕನ್ನಡದಲ್ಲಿ ತಿಳಿಸಿದೆ. ಮಾರನೆಯ ದಿನ ಅವರ ಬೋರ್ಡನ್ನು ಬಿಚ್ಚಿಸಿ, ತಗಡು ಸೋರುತ್ತಿದ್ದ ಕಡೆ ಮುಚ್ಚಿಸಿದರು. ಮಳೆಗಾಲಕ್ಕೆ ಚೆನ್ನಾಗಿ ಕೂತಿತು.

ಬೇರೆ ದಾನಿಗಳನ್ನು ಹುಡುಕಿದೆವು. ಒಬ್ಬರು ಕಂಪ್ಯೂಟರ್ ಕೊಡುತ್ತೇವೆ ಎಂದರು. ಇನ್ನೊಬ್ಬರು, ಮೂರು ವರ್ಷದೊಳಗಿನ ಮಕ್ಕಳಾದರೆ ಫಲಿತಾಂಶ ತೋರಿಸುವುದು ಕಷ್ಟ ಎಂದರು. ಸ್ಥಳೀಯ ಶ್ರೀಮಂತರೊಬ್ಬರು ಅವರ ತಂದೆಯ ಹೆಸರು ಬಾಗಿಲ ಮೇಲೆ ಕೆತ್ತಿಸಿದರೆ ನೋಡೋಣ ಎಂದರು. ಮಿಸ್ ಕೆತ್ತಿಸಲಿಕ್ಕೂ ಒಪ್ಪಿದರು, ಅವರೇ ಹಿಂದೆ ಸರಿದರು. ಒಂದು ಬೀದಿದೀಪ ವರ್ಷಗಟ್ಟಲೆ ಉರಿದರೆ ಅದು ಯಾವಾಗ ಸ್ವಾವಲಂಬಿಯಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಬಡವರ ಮಕ್ಕಳು ಗಂಜಿ ಕುಡಿದರೆ ಮಾತ್ರ ಇದು ಎಷ್ಟು ದಿನ ಎಂದು ಕೇಳುತ್ತಾರೆ. ಮಗು ಹುಟ್ಟುವುದು ನಿಂತ ದಿನ ನಿಲ್ಲಿಸಬಹುದು ಎಂದು ಮಿಸ್ ಒಬ್ಬರಿಗೆ ಹೇಳಿಯೂ ಇದ್ದರು.

ಭಾನುವಾರ ತಾಯಂದಿರನ್ನು ಸೇರಿಸಿದರು. ಎಲ್ಲರೂ, "ಎಂಗಾದ್ರೂ ನಡೆಸಿ ಮಿಸ್ಸು, ನಿಮ್ಮುನ್ನ ಬಿಟ್ರೆ ನಮ್ಗೆ ಯಾರವ್ರೆ" ಎಂದರು. ಅದನ್ನು ಕೇಳಿ ಮಿಸ್ ಕಿಡಿಕಿಡಿಯಾದರು. "ನನ್ನ ಬಿಟ್ರೆ ಯಾರೂ ಇಲ್ಲ ಅಂತ ಹೇಳಕ್ಕೆ ನಾಚಿಕೆ ಆಗಲ್ವಾ? ನಿಮ್ಮ ಗಂಡಂದಿರೇನು ಕಲ್ಲಾ? ನೀವು ಕೆಲಸ ಮಾಡೋ ಜಾಗದಲ್ಲಿ ಒಂದು ಸಲ ಬಾಯಿ ಬಿಟ್ಟಿದೀರಾ?" ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದು ಅವರಿಗೂ ಗೊತ್ತು, ಮಿಸ್‌ಗೂ ಗೊತ್ತು. ತಿಂಗಳಿಗೆ ಇಷ್ಟು ಎಂದು ಹಂಚಿಕೊಂಡರು. ಅದು ಹಾಲಿಗಾಯಿತು, ಸಂಬಳಕ್ಕಾಗಲಿಲ್ಲ. ನನ್ನ ಮನೆಯಲ್ಲಿ ಕಾರ್ಖಾನೆಯ ಸಂಬಳವಿತ್ತು, ಹಾಗಾಗಿ ಬೆಳಗಿನ ಹೊತ್ತು ಬಂದು ಹೋಗುತ್ತಿದ್ದೆ. ಅಂಜಲೈಗೆ ಅದಿರಲಿಲ್ಲ. ಅವಳು ಒಂದು ದಿನ ತನ್ನ ಮೊಮ್ಮಗಳನ್ನು ಮಿಸ್ ಕೈಗೆ ಕೊಟ್ಟು ಅದೇ ಮೊದಲ ಗಾಡಿ ಹತ್ತಿದಳು. ಇಷ್ಟು ವರ್ಷ ಮಕ್ಕಳನ್ನು ನೋಡಿಕೊಂಡವಳು ಬೆಂಗಳೂರಿಗೆ ಕಕ್ಕಸು ತೊಳೆಯಲು ಹೋದಳು.

ನನಗೆ ಮಿಸ್ ಮೇಲೂ ಸಿಟ್ಟಿದೆ, ಅದನ್ನೂ ಹೇಳಬೇಕು. ಆಮೇಲಿನ ದಿನಗಳಲ್ಲಿ ಅವರು ಎಲ್ಲವನ್ನೂ ತಮ್ಮ ಮೈಮೇಲೆ ಎಳೆದುಕೊಂಡರು. ಸಂಸ್ಥೆಯ ಸದಸ್ಯರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ಊರು ಬಿಟ್ಟಿದ್ದರು. ಹೊಸಬರನ್ನು ಸೇರಿಸೋಣ, ತಾಯಂದಿರಲ್ಲೇ ಇಬ್ಬರನ್ನು ತೆಗೆದುಕೊಳ್ಳೋಣ, ಬೀಗದ ಕೈಯ ಒಂದು ನಕಲು ನನ್ನ ಹತ್ತಿರ ಇರಲಿ ಎಂದು ಎಷ್ಟು ಸಲ ಹೇಳಿದೆ. "ನಾನಿದೀನಲ್ಲ" ಎನ್ನುತ್ತಿದ್ದರು. ಕೈ ನಡುಗುತ್ತಿತ್ತು, ಕಾಲು ಊದಿತ್ತು, ಆದರೂ ನಾನಿದ್ದೀನಲ್ಲ. ಡಾಕ್ಟರ ಹತ್ತಿರ ಹೋಗಿ ಎಂದರೆ, ಬೆಳಗಿನ ಗಾಡಿ ಹೋಗಲಿ ಎನ್ನುತ್ತಿದ್ದರು. ಗಾಡಿ ದಿನಾ ಹೋಗುತ್ತಿತ್ತು. ತಾವು ಕಟ್ಟಿದ್ದು ತಮ್ಮ ಉಸಿರಿನ ಆಚೆಗೂ ಉಳಿಯಬೇಕೆಂದು ಆ ಬೆಂಗಳೂರಿನವರಿಗಿಂತ ಹೆಚ್ಚು ಯೋಚಿಸಬೇಕಾದವರು ಅವರು. ಯೋಚಿಸಲಿಲ್ಲ. ಅವರನ್ನು ನೆನೆದರೆ ಈಗಲೂ ನನಗೆ ಈ ವಿಷಯಕ್ಕೆ ಜಗಳ ಆಡಬೇಕೆನಿಸುತ್ತದೆ.

ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ನಾನು ಹೋಗುವ ಹೊತ್ತಿಗೆ ತಾಯಂದಿರು ಮಲಗಿದ ಮಕ್ಕಳನ್ನು ಹೊತ್ತು ಕತ್ತಲಲ್ಲಿ ನಿಂತಿದ್ದರು. ಮಿಸ್ ಮನೆಯಿಂದ ಬರುವ ದಾರಿಯಲ್ಲಿ ಬಿದ್ದಿದ್ದರಂತೆ, ಯಾರೋ ನೋಡಿ ಆಟೊದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಗಾಡಿ ಕೂಗಿತು. ಕೆಲವರು ಮಗುವಿನ ಸಮೇತ ಸ್ಟೇಷನ್ನಿಗೆ ಓಡಿದರು. ಕೆಲವರು ಮನೆಗೆ ತಿರುಗಿದರು. ಮುನಿಲಕ್ಷ್ಮಿ ಹೊಸಿಲ ಮೇಲೆ ಕುಳಿತುಬಿಟ್ಟಳು.

ಕೋಲಾರದ ಆಸ್ಪತ್ರೆಯಲ್ಲಿ ಮಿಸ್‌ಗೆ ಬಲಭಾಗ ಲಕ್ವ ಹೊಡೆದಿತ್ತು. ಮಾತು ತೊದಲು. ಎರಡನೆಯ ದಿನ ಕಣ್ಣು ಬಿಟ್ಟವರು ಕೇಳಿದ್ದು, "ಬಾಗಿಲು?"

"ಮುಚ್ಚಿದೆ ಮಿಸ್. ಕೀ ಎಲ್ಲಿ ಬಿತ್ತೋ ಗೊತ್ತಿಲ್ಲ."

ಅವರ ಎಡಗೈ ಮಂಚದ ಕಂಬಿಯನ್ನು ಬಡಿಯತೊಡಗಿತು. ನರ್ಸು ಓಡಿಬಂದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅದು ಸಿಟ್ಟಿನ ನೀರು, ನನಗೆ ಆ ಮುಖ ಗೊತ್ತು. ಬಾಯಿ ಸೊಟ್ಟ ಮಾಡಿಕೊಂಡು, ಒಂದೊಂದೇ ಅಕ್ಷರ ಎಳೆದು ಹೇಳಿದರು. "ಕತ್ತೆ. ಬೀಗ ಒಡಿ."

ಅವತ್ತೇ ಸಂಜೆ ಬಂದು ಕಲ್ಲಿನಿಂದ ಬೀಗ ಒಡೆದೆ. ಮುನಿಲಕ್ಷ್ಮಿ ಜೊತೆಗಿದ್ದಳು. ಮಾರನೆಯ ಬೆಳಿಗ್ಗೆ ನಾವಿಬ್ಬರೂ ಸೇರಿ ಬಾಗಿಲು ತೆಗೆದೆವು. ಅವಳು ಗಾಡಿ ಹತ್ತಲಿಲ್ಲ. ಆ ಕಂದು ಸಮವಸ್ತ್ರ ಏಜೆನ್ಸಿಗೆ ವಾಪಸಾಯಿತು. ಆಸ್ಪತ್ರೆಗೆ ಹೋಗಿ ಮಿಸ್‌ಗೆ ಇದನ್ನು ಹೇಳಿದೆ. ಕೇಳಿಸಿತು ಎಂದು ಕಣ್ಣು ಮುಚ್ಚಿ ತೆರೆದರು. ಅದೇ ವಾರ ಹೋದರು.

ಸಂತಾಪ ಸಭೆ ಮಾಡಿದರು. ಶಾಲು ಹೊದಿಸಿದ್ದವರೆಲ್ಲ ಬಂದಿದ್ದರು. ಪ್ರತಿಷ್ಠಾನದವರು ದೊಡ್ಡ ಹೂವಿನ ಚಕ್ರ ಕಳಿಸಿದ್ದರು, ಜೊತೆಗೆ ಒಬ್ಬ ಪ್ರತಿನಿಧಿ. ದಿವಂಗತರ ಹೆಸರಿನಲ್ಲಿ ಪ್ರತಿವರ್ಷ ಒಬ್ಬ ಉತ್ತಮ ಸಮಾಜಸೇವಕಿಗೆ ಪ್ರಶಸ್ತಿ ಕೊಡುವುದಾಗಿ ಅವನು ಘೋಷಿಸಿದ. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಮುನಿಲಕ್ಷ್ಮಿ ಎದ್ದಳು. ಮಗ ಸೊಂಟದ ಮೇಲಿದ್ದ. ಮೈಕು ಕೊಡಲು ಯಾರೂ ಮುಂದೆ ಬರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ.

"ಪ್ರಶಸ್ತಿ ಕೊಡ್ರಿ ಸಾರ್, ಬ್ಯಾಡ ಅನ್ನಾಕಿಲ್ಲ. ನಾಳೆ ಬೆಳಗಿನ ಗಾಡಿಗೆ ಈ ಲೈನಿನ ಮಕ್ಕಳನ್ನ ಇಟ್ಕೊಳ್ಳಾಕೆ ನಾವು ಇಬ್ರೇ ಇರಾದು. ಇನ್ನಿಬ್ರು ಬೇಕು. ಯಾರ್ ಬತ್ತೀರ, ಕೈ ಎತ್ರಿ."

ವೇದಿಕೆಯ ಮೇಲಿದ್ದವರು ನೀರು ಕುಡಿದರು, ಫೋನು ನೋಡಿಕೊಂಡರು. ಒಂದು ಕೈ ಎದ್ದಿತು, ಅಂಜಲೈದು. ಅವಳಿಗೆ ಬರಲಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಮನೆಯಲ್ಲಿ ಅವಳದೊಂದೇ ದುಡಿಮೆ. ಆದರೂ ಎತ್ತಿದಳು. ಆಮೇಲೆ ಅವಳ ಪಕ್ಕದವಳು, ಅವಳ ಹಿಂದಿನವಳು. ಎತ್ತಿದವರೆಲ್ಲ ಬೆಳಿಗ್ಗೆ ಗಾಡಿ ಹಿಡಿಯಬೇಕಾದ ತಾಯಂದಿರೇ. ನಿರೂಪಕರು ಗಡಿಬಿಡಿಯಲ್ಲಿ ವಂದನಾರ್ಪಣೆ ಮುಗಿಸಿದರು.

ಈಗಲೂ ನಡೆಸುತ್ತಿದ್ದೇವೆ. ಮಕ್ಕಳು ಮೊದಲಿಗಿಂತ ಕಡಿಮೆ, ಮೊಟ್ಟೆ ವಾರಕ್ಕೊಮ್ಮೆ. ರಜೆಯಿದ್ದ ತಾಯಿ ತನ್ನ ಸರದಿಯಲ್ಲಿ ಬಂದು ಅಡುಗೆ ಮಾಡುತ್ತಾಳೆ. ಬೀಗದ ಕೈ ನಾಲ್ಕು ಮಾಡಿಸಿ ನಾಲ್ಕು ಮನೆಯಲ್ಲಿಟ್ಟಿದ್ದೇವೆ. ಎಷ್ಟು ದಿನ ನಡೆದೀತು ಎಂದು ನನ್ನನ್ನು ಕೇಳಬೇಡಿ. ಆ ಪ್ರಶ್ನೆಯನ್ನು ಬೇರೆ ಯಾರನ್ನೋ ಕೇಳಬೇಕು ಎನ್ನುವಷ್ಟು ಬುದ್ಧಿ ನನಗೀಗ ಬಂದಿದೆ.

ಹೋದ ತಿಂಗಳು ಪ್ರಶಸ್ತಿ ಸಮಾರಂಭಕ್ಕೆ ಬೆಂಗಳೂರಿಗೆ ಬನ್ನಿ, ಮಿಸ್ ಬಗ್ಗೆ ಎರಡು ಮಾತು ಆಡಿ ಎಂದು ಕರೆದರು. ಹಾವೇರಿಯಿಂದ ಬಂದಾಗ ನಾನು ಅಂಗಡಿಯವನು ತಪ್ಪು ಚಿಲ್ಲರೆ ಕೊಟ್ಟರೂ ಕೇಳದೆ ಬರುತ್ತಿದ್ದವಳು. ಎರಡು ಮಾತನ್ನು ಫೋನಿನಲ್ಲೇ ಆಡಿದೆ, ಆಚೆ ಮನೆಯವರು ಹೊರಗೆ ಬಂದು ನೋಡುವಷ್ಟು ಗಟ್ಟಿಯಾಗಿ. ಆ ಗಂಟಲು ನನ್ನದಲ್ಲ, ಅವರದು. ಅವರಿಂದ ಪಡೆದ ಈ ಸಿಟ್ಟಿನ ಋಣ ನಾನು ತೀರಿಸಲಾರೆ, ತೀರಿಸುವ ಮನಸ್ಸೂ ಇಲ್ಲ.